ಎಂಜಿನ್ ಮುಟ್ಟಿದ್ದಾರೋ ಇಲ್ಲವೋ

ಹಳೆಯ ಮೋಟಾರ್ ಸೈಕಲ್ ಹುಡುಕಿಕೊಂಡು ಹೊರಟವನು ನಗುವ ಸಂಗತಿಗಳನ್ನು ಬೇರೆಯಾಗಿ ಹುಡುಕಬೇಕಾಗಿಲ್ಲ. ಅವು ತಾವಾಗಿಯೇ ಬಂದು ಕಾಲಿಗೆ ತೊಡರುತ್ತವೆ. ನನಗೆ ಒಂದೇ ಬೇಸಿಗೆಯಲ್ಲಿ ತೊಡರಿದವು ಇಲ್ಲಿವೆ. ಆಗ ಇವುಗಳಲ್ಲಿ ಒಂದಕ್ಕೂ ನಾನು ನಕ್ಕಿರಲಿಲ್ಲ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ನಾನು ಶಿರಸಿಯ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ಡಾಕ್ಟರನ ಪದವಿ ಇರಲಿಲ್ಲ, ಆದರೂ ಜನರ ಬಾಯಲ್ಲಿ ನಾನು ದನದ ಡಾಕ್ಟ್ರು. ಆ ವರ್ಷ ಮೂಡಣ ಸೀಮೆಯಿಂದ ದನಗಳ ದೊಡ್ಡ ರೋಗ ಬನವಾಸಿಯ ಕಡೆಗೆ ಬಂದು ಮುಟ್ಟಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಿಗೆ ಲಸಿಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಲಸಿಕೆ ಹುಬ್ಬಳ್ಳಿ ಬಸ್ಸಿನ ಮೇಲೆ, ಹೊಟ್ಟಿನಲ್ಲಿ ಹುಗಿದ ಮಂಜುಗಡ್ಡೆಯ ಜೊತೆ ಬರುತ್ತಿತ್ತು. ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜು ಇರುವ ತನಕ ಅದು ಮದ್ದು, ಕರಗಿದ ಮೇಲೆ ಬರಿಯ ನೀರು. ಆ ಬಸ್ಸು ಬಂದು ಮುಟ್ಟುವ ಮೊದಲೇ ಹಳ್ಳಿಯ ಬಸ್ಸುಗಳು ಹೊರಟುಹೋಗುತ್ತಿದ್ದವು. ಉಳಿದದ್ದು ನನ್ನ ಸೈಕಲ್ಲು. ಒಮ್ಮೆ ನಿಲ್ಕುಂದದ ಕಡೆಗೆ ಸೈಕಲ್ಲಿನಲ್ಲಿ ಹೋಗಿ ಫ್ಲಾಸ್ಕು ತೆರೆದು ನೋಡಿದರೆ ಒಳಗೆ ಬೆಚ್ಚಗಿನ ನೀರು. ದನ ಹಿಡಿದುಕೊಂಡು ಕಾಯುತ್ತಿದ್ದವರ ಎದುರಿಗೇ ಅದನ್ನು ನೆಲಕ್ಕೆ ಚೆಲ್ಲಿದೆ. ಒಬ್ಬೊಬ್ಬರಾಗಿ ದನ ಬಿಡಿಸಿಕೊಂಡು ಮನೆಗೆ ನಡೆದರು. ಅದೇ ಕಷ್ಟವಾಯಿತು.

ಮೇಲಧಿಕಾರಿಗಳಿಗೆ ಬರೆದೆ. ಮೋಟಾರ್ ಸೈಕಲ್ ಇಟ್ಟುಕೊಳ್ಳಬಹುದು, ಪೆಟ್ರೋಲು ಇಲಾಖೆಯದು ಎಂದು ಉತ್ತರ ಬಂತು. ಹೊಸ ಗಾಡಿಗೆ ಹೆಸರು ಬರೆಸಿದರೆ ಬರುವ ಹೊತ್ತಿಗೆ ರೋಗವೂ ಇರುವುದಿಲ್ಲ, ದನವೂ ಇರುವುದಿಲ್ಲ. ಹಳೆಯದೇ ಆಗಬೇಕು. ಹಳೆಯದಕ್ಕೆ ಒಂದು ಷರತ್ತು ಹಾಕಿದ್ದರು: ಎಂಜಿನ್ ಮೂಲದಲ್ಲಿ ಇದ್ದಂತೆಯೇ ಇದೆ, ಯಾರೂ ಅದನ್ನು ತಿದ್ದಿಲ್ಲ, ಬದಲಾಯಿಸಿಲ್ಲ ಎಂದು ಕೆಲಸ ಬಲ್ಲವರೊಬ್ಬರು ಬರೆದು ಸಹಿ ಹಾಕಿ ಕೊಡಬೇಕು.

ಆಗ ಮೂರು ತಾಲ್ಲೂಕು ಸೇರಿಸಿದರೂ ಮೋಟಾರ್ ಸೈಕಲ್ಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವುಗಳಲ್ಲಿ ಯಾರೂ ಕೈಯಾಡಿಸದ ಎಂಜಿನ್ ಹುಡುಕುವುದು ಎಂಥ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

೧. ಉಸಿರು

ಮೊದಲ ಗಾಡಿ ಶಿರಸಿಯಲ್ಲೇ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಜಗುಲಿಯ ಮೇಲೆ ಇತ್ತು. ನಾನು ಲೈಬ್ರರಿಯಿಂದ ಮೋಟಾರ್ ಸೈಕಲ್ಲಿನ ಮೇಲೆ ಒಂದು ಇಂಗ್ಲಿಷ್ ಪುಸ್ತಕ ತಂದು ಎರಡು ಸಲ ಓದಿ ಮುಗಿಸಿದ್ದೆ. ಎಂಜಿನ್ ನಂಬರಿನ ಸುತ್ತ ಅರದಿಂದ ಉಜ್ಜಿದ ಗುರುತು ಇದೆಯೇ ನೋಡಿ, ನಂಬರು ಗಾಡಿಯ ರಿಜಿಸ್ಟ್ರೇಶನ್ ಪುಸ್ತಕದಲ್ಲಿ ಇದ್ದಂತೆಯೇ ಇದೆಯೇ ನೋಡಿ, ಬೋಲ್ಟುಗಳ ತಲೆ ಸವೆದಿದೆಯೇ ನೋಡಿ ಎಂದೆಲ್ಲ ಅದರಲ್ಲಿ ಬರೆದಿತ್ತು. ನಾನು ನೆಲದ ಮೇಲೆ ಅಂಗಾತ ಮಲಗಿ, ಉಣ್ಣಿ ನೋಡುವ ಭೂತಗನ್ನಡಿ ಹಿಡಿದು ಎಲ್ಲವನ್ನೂ ನೋಡಿದೆ. ದನದ ಡಾಕ್ಟ್ರು ಫಟ್‌ಫಟಿಗೆ ಸೂಜಿ ಹಾಕುತ್ತಿದ್ದಾರೆ ಎಂದು ಬೀದಿಯಲ್ಲಿ ಸುದ್ದಿಯಾಗಿ ಹತ್ತು ಹದಿನೈದು ಜನ ಸೇರಿದರು.

ನಂಬರು ಸರಿ ಇತ್ತು. ಅರದ ಗುರುತು ಇರಲಿಲ್ಲ. ಕಿಕ್ ತುಳಿದರೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಇಳಿಯುತ್ತಿತ್ತು. ಬಹಳ ಸಾಧು ಎಂಜಿನ್ ಎಂದು ನಾನು ಹೇಳಿದೆ. ಮಾಸ್ತರರು, ತಾವು ಅದನ್ನು ಒಂದು ದಿನವೂ ಗದರಿದ್ದಿಲ್ಲ ಎಂದರು.

ಸೇರಿದ ಜನರಲ್ಲಿ ಎದುರು ಗ್ಯಾರೇಜಿನ ಮಿಸ್ತ್ರಿಯೂ ಇದ್ದರು. ಐವತ್ತು ದಾಟಿದ ಕ್ರಿಶ್ಚಿಯನ್ ಮನುಷ್ಯ, ಅಗಲ ಕೈ, ಕಡಿಮೆ ಮಾತು. ಮುಂದೆ ಬಂದು ಕಿಕ್ಕನ್ನು ಒಂದೇ ಬೆರಳಿನಿಂದ ಒತ್ತಿದರು. ಅದು ಇಳಿಯಿತು.

"ಡಾಕ್ಟ್ರೇ, ಇದರ ಉಸಿರು ನೋಡಿದ್ರಾ?"

ಶಾಂತವಾಗಿದೆಯಲ್ಲ ಎಂದೆ.

"ಶಾಂತ ಅಲ್ಲ. ಇಲ್ಲ."

ಪ್ಲಗ್ಗು ಬಿಚ್ಚಿ, ಪೊರಕೆಯಿಂದ ಒಂದು ಕಡ್ಡಿ ಎಳೆದು ಆ ತೂತಿನಲ್ಲಿ ಬಿಟ್ಟರು. ಕಡ್ಡಿ ಎಲ್ಲಿಯೂ ತಾಗದೆ ಪೂರ್ತಿ ಒಳಗೆ ಹೋಗಿ ಕಾಣದಾಯಿತು. ಒಳಗೆ ಪಿಸ್ಟನ್ನೇ ಇರಲಿಲ್ಲ. ದಿನಾ ನಾಲ್ಕು ಜೀವಗಳ ಉಸಿರು ನೋಡುವ ನಾನು ಸತ್ತದ್ದನ್ನು ಸಾಧು ಎಂದಿದ್ದೆ.

ಮಾಸ್ತರರು ಸ್ವಲ್ಪವೂ ವಿಚಲಿತರಾಗಲಿಲ್ಲ. ಪಿಸ್ಟನ್ ತಮ್ಮ ಮೇಜಿನ ಮೇಲೆ ಇದೆ, ಕಾಗದ ಹಾರದ ಹಾಗೆ ಇಟ್ಟುಕೊಂಡಿದ್ದೇನೆ, ಬೇಕಾದರೆ ಕೊಡುತ್ತೇನೆ ಎಂದರು. ಎಂಜಿನ್ ಮುಟ್ಟಿಲ್ಲ ಅಂದಿರಲ್ಲ ಎಂದು ಕೇಳಿದೆ.

"ಬದಲಾಯಿಸಿದ್ದೀರಾ ಅಂತ ಕೇಳಿದ್ರಿ, ಇಲ್ಲ ಅಂದೆ. ನಾನು ಮಾಡಿದ್ದು ಕಳೆಯುವ ಲೆಕ್ಕ."

೨. ಸುಳಿ

ಅಂದಿನಿಂದ ಮಿಸ್ತ್ರಿ ನನ್ನ ಜೊತೆ ಬರಲು ಒಪ್ಪಿದರು. ಪ್ರತಿ ಆದಿತ್ಯವಾರ ಇಗರ್ಜಿ ಮುಗಿಸಿ, ಬಿಳಿ ಅಂಗಿಯ ಮೇಲೆ ಹಳೆಯ ಕೋಟು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದರು. ಏನು ಕೊಡಲಿ ಎಂದು ಕೇಳಿದರೆ, ತಮ್ಮ ಮನೆಯ ಎಮ್ಮೆಯ ಕಾಲು ಸ್ವಲ್ಪ ನೋಡಿ ಸಾಕು ಎನ್ನುತ್ತಿದ್ದರು. ನಾನು ನೋಡಿದೆ. ಎಮ್ಮೆಯ ಕಾಲಿಗೆ ಏನೂ ಆಗಿರಲಿಲ್ಲ. ಮುಂದಿನ ವಾರವೂ ಅದೇ ಕಾಲು ನೋಡಲು ಹೇಳಿದರು.

ಬನವಾಸಿಯ ಹತ್ತಿರ ಒಬ್ಬ ದನದ ದಲ್ಲಾಳಿ ಒಂದು ಗಾಡಿ ಇಟ್ಟಿದ್ದ. ಜೀವಮಾನವೆಲ್ಲ ಎತ್ತು ಮಾರಿದವನು, ಅದನ್ನೂ ಎತ್ತಿನ ಹಾಗೆಯೇ ಮೈ ತೊಳೆದು ಮರದ ನೆರಳಿಗೆ ನಿಲ್ಲಿಸಿದ್ದ. ನಾವು ಹೋದ ಕೂಡಲೇ ಅದರ ಟ್ಯಾಂಕು ತಟ್ಟಿದ.

"ಬರ್ರಿ ಡಾಕ್ಟ್ರ, ಸುಳಿ ನೋಡ್ರಿ. ಒಂದೂ ಖೋಡಿ ಇಲ್ಲ. ನಿಮ್ಮಂಥವ್ರಿಗೆ ನಾ ಏನ್ ಹೇಳೋದೈತ್ರಿ."

ಎತ್ತಿನ ಮೈಯ ಕೂದಲ ಸುಳಿ ನೋಡಿ ಶುಭ ಅಶುಭ ಹೇಳುವ ಹಾಗೆ, ಎಂಜಿನ್ನಿನ ಹಣೆಯ ಮೇಲಿನ ಒಂದು ಗೀರನ್ನು ತೋರಿಸಿ, ಇದು ಇದ್ದರೆ ಯಜಮಾನನಿಗೆ ಏಳಿಗೆ ಎಂದ. ನಾನು ನಂಬರು ನೋಡಿದೆ. ಗಾಡಿಯ ಪುಸ್ತಕದ ನಂಬರಿಗೆ ಒಂದು ಅಂಕಿಯೂ ತಪ್ಪಿರಲಿಲ್ಲ. ಈ ಸಲ ಗೆದ್ದೆವು ಎಂದುಕೊಂಡೆ.

ಮಿಸ್ತ್ರಿ ಕಣ್ಣಿನಿಂದ ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಆ ಅಂಕಿಗಳ ಮೇಲೆ ಎರಡು ಸಲ ಎಳೆದರು. ಕಾರ್ಖಾನೆಯಲ್ಲಿ ಹೊಡೆದ ಅಂಕಿಗಳು ಒಂದೇ ಆಳಕ್ಕೆ, ಒಂದೇ ಸಾಲಿಗೆ ಕೂತಿರುತ್ತವೆ. ಇಲ್ಲಿ ಏಳು ಆಳಕ್ಕೆ ಹೋಗಿತ್ತು, ನಾಲ್ಕು ಮೇಲೆ ತೇಲುತ್ತಿತ್ತು, ಮೂರು ಪಕ್ಕದವನ ಹೆಗಲಿಗೆ ಒರಗಿತ್ತು. ಅಂಕಿಗಳ ಗಾತ್ರವೂ ದೊಡ್ಡದು. ಎಲ್ಲಿಯೋ ನೋಡಿದ ಅಂಕಿ ಎಂದು ಮಿಸ್ತ್ರಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ದಲ್ಲಾಳಿಯ ಕಡೆ ತಿರುಗಿ, ನಾಟಾ ಕಂಟ್ರಾಕ್ಟರ್ ಯಾರಾದರೂ ನೆಂಟರಿದ್ದಾರೋ ಎಂದು ಕೇಳಿದರು. ಅಳಿಯನೇ ಇದ್ದ. ಕಡಿದ ತೊಲೆಗಳ ಮೇಲೆ ನಂಬರು ಹೊಡೆಯುವ ಉಕ್ಕಿನ ಅಚ್ಚಿನಿಂದಲೇ ಎಂಜಿನ್ನಿಗೂ ಹೊಸ ನಂಬರು ಬಿದ್ದಿತ್ತು.

ಇದು ಎಂಜಿನ್ ಅಲ್ಲ, ತೊಲೆ ಎಂದರು ಮಿಸ್ತ್ರಿ. ದಲ್ಲಾಳಿ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ.

"ತೊಲಿ ಆದ್ರ ಆಗ್ಲಿ ಬಿಡ್ರಿ, ಸಾಗವಾನಿ ಐತಿ. ಹುಳ ಹತ್ತೂದಿಲ್ಲ."

೩. ಕಿವಿ

ಒಳಗಿನ ಭಾಗ ಬದಲಾಗಿದೆಯೋ ಎಂದು ಮಿಸ್ತ್ರಿ ಸದ್ದಿನಿಂದ ಹೇಳುತ್ತಿದ್ದರು. ಒಂದು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವರು. ನನ್ನ ಸ್ಟೆಥಾಸ್ಕೋಪು ಕೊಟ್ಟೆ. ಅದನ್ನು ಹಚ್ಚಿದ ಅವರ ಮುಖ ನಾನು ಮರೆಯಲಾರೆ. ಮೂವತ್ತು ವರ್ಷ ಬಾಗಿಲಿನ ಹೊರಗೆ ನಿಂತು ಹಾಡು ಕೇಳಿದವನನ್ನು ಒಳಗೆ ಕರೆದು ಕೂರಿಸಿದ ಹಾಗಿತ್ತು. ಆಮೇಲೆ ನನಗೂ ಕೇಳಿಸಿದರು. ಇದು ವಾಲ್ವು, ಇದು ಪಿಸ್ಟನ್ನು, ಇಲ್ಲಿ ಟಕಟಕ ಎನ್ನುತ್ತದಲ್ಲ, ಅದು ಟ್ಯಾಪೆಟ್ ಸಡಿಲವಾದದ್ದು. ಒಂದು ಪೂರ್ತಿ ಆದಿತ್ಯವಾರ ಅವರ ಗ್ಯಾರೇಜಿನಲ್ಲಿ ಲಾರಿ, ಜೀಪು, ಪಂಪು ಎಲ್ಲದರ ಎದೆ ಕೇಳಿ ಕಲಿತೆ.

ಸೋಮವಾರ ಹುಲೇಕಲ್ಲಿನಲ್ಲಿ ಒಂದು ಆಕಳಿನ ಹೊಟ್ಟೆಗೆ ಅದೇ ಸ್ಟೆಥಾಸ್ಕೋಪು ಇಟ್ಟು ತುಂಬ ಹೊತ್ತು ಕೇಳಿದೆ. ಮನೆಯ ಅಮ್ಮನವರು ಹೆದರಿದರು. ಎಂತ ಆಜು ಡಾಕ್ಟ್ರೇ ಎಂದು ಕೇಳಿದರು. ನಾನು ಕಣ್ಣು ತೆರೆಯದೆಯೇ ಉತ್ತರ ಕೊಟ್ಟೆ.

"ಗಾಬರಿ ಇಲ್ಲ. ಟ್ಯಾಪೆಟ್ ಸಡಿಲ ಆಗಿದೆ."

ಆ ಮನೆಯವರು ಆಮೇಲೆ ಎರಡು ತಿಂಗಳು, ಹುಲ್ಲು ತಿನ್ನದಿದ್ದ ಆಕಳನ್ನೆಲ್ಲ ಟ್ಯಾಪೆಟ್ ಆದದ್ದು ಎಂದೇ ಹೇಳುತ್ತಿದ್ದರಂತೆ.

೪. ಖಾರ

ರೋಗ ಬನವಾಸಿ ದಾಟಿ ಪಡುವಣಕ್ಕೆ ಬರುತ್ತಿದೆ ಎಂದು ಸುದ್ದಿ ಬಂತು. ನಾನು ಸೈಕಲ್ಲಿನಲ್ಲೇ ಹತ್ತಿರದ ಹಳ್ಳಿಗಳನ್ನು ಮುಗಿಸುತ್ತಿದ್ದೆ. ದೂರದವು ಹಾಗೇ ಉಳಿದಿದ್ದವು. ಯಲ್ಲಾಪುರದಲ್ಲಿ ಒಬ್ಬ ಅಂಗಡಿಕಾರರ ಹತ್ತಿರ ಒಳ್ಳೆಯ ಗಾಡಿ ಇದೆ ಎಂದು ಯಾರೋ ಹೇಳಿದರು. ಮುಂದಿನ ಆದಿತ್ಯವಾರ ನಾವು ಅಲ್ಲಿದ್ದೆವು.

ಗಾಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಂಬರು ಸರಿ, ಅಂಕಿಗಳು ಸರಿ, ಉಸಿರೂ ಇತ್ತು. ಸಂತೆಗೆ ಹೋಗಿ ಬರುವುದು ಬಿಟ್ಟರೆ ಇದನ್ನು ತೆಗೆದೇ ಇಲ್ಲ ಎಂದರು ಅಂಗಡಿಕಾರರು. ನನಗೆ ಅಲ್ಲಿಯೇ ಹತ್ತಿ ಶಿರಸಿಗೆ ಹೊರಟುಬಿಡೋಣ ಅನ್ನಿಸಿತು. ಮಿಸ್ತ್ರಿ ಮಾತ್ರ, ಕಾಲು ಗಂಟೆ ನಿಂತಲ್ಲೇ ಓಡಲಿ, ಬಿಸಿಯಾದ ಮೇಲೆ ನೋಡುವ ಎಂದರು.

ಐದು ನಿಮಿಷಕ್ಕೆ ನನಗೆ ಒಂದು ಸೀನು ಬಂತು. ಹತ್ತನೆಯ ನಿಮಿಷಕ್ಕೆ ಅಂಗಡಿಕಾರರು ಸೀನಿದರು. ಅಂಗಡಿಗೆ ಬಂದವರು ಸೀನುತ್ತ ಹಿಂದೆ ಸರಿದರು. ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹೊರಗೆ ಬಂದು, ಯಾರ ಮನೆಯಲ್ಲಿ ಮೆಣಸು ಹುರಿಯುತ್ತಿದ್ದೀರಿ ಎಂದು ಕೇಳಿದಳು. ಮಿಸ್ತ್ರಿ ಒಬ್ಬರೇ ಕರ್ಚೀಫು ಕಟ್ಟಿಕೊಂಡು ಬಗ್ಗಿ, ಎಂಜಿನ್ ತಣಿಸುವ ಲೋಹದ ರೆಕ್ಕೆಗಳ ಸಂದಿಗೆ ಒಂದು ಕಡ್ಡಿ ಹಾಕಿ ಕೆರೆದರು. ಕಡ್ಡಿಯ ತುದಿಗೆ ಕೆಂಪು ಪುಡಿ ಬಂತು. ಮೋಟಾರ್ ಸೈಕಲ್ಲಿನಿಂದ ಬಿಚ್ಚಿ, ಪಟ್ಟಿ ಹಾಕಿ, ಆ ಎಂಜಿನ್ನನ್ನು ಎಷ್ಟೋ ಕಾಲ ಖಾರದ ಗಿರಣಿಗೆ ಓಡಿಸಿದ್ದರು. ಪಟ್ಟಿಯ ಚಕ್ರ ಕೂರಿಸಲು ಪಕ್ಕದ ಕವಚವನ್ನು ಕೊಯ್ದು ಮತ್ತೆ ಬೆಸುಗೆ ಹಾಕಿದ್ದೂ ಕಂಡಿತು.

ನೀರು ಸುರಿಯುವ ಕಣ್ಣಿನಿಂದಲೇ ಅಂಗಡಿಕಾರರು ನನ್ನ ಕೈ ಹಿಡಿದುಕೊಂಡರು.

"ಆದರೂ ಒಂದು ಮಾತು ಡಾಕ್ಟ್ರೇ. ಬ್ಯಾಡಗಿ ಮೆಣಸು ಬಿಟ್ಟು ಬೇರೆ ಕಳಪೆ ಮಾಲು ಇದರಲ್ಲಿ ಹಾಕಿದ್ದೇ ಇಲ್ಲ."

೫. ಇಳುಕಲು

ಕೊನೆಯ ಗಾಡಿ ಸಿದ್ದಾಪುರ ತಾಲ್ಲೂಕಿನಲ್ಲಿ, ನಿಲ್ಕುಂದದ ಆಚೆಯ ಒಂದು ಊರಿನ ಪಟೇಲರದು. ಆ ಹೊತ್ತಿಗೆ ರೋಗ ಅವರ ಊರಿನಿಂದ ಎರಡೇ ಹಳ್ಳಿಯ ಆಚೆ ಇತ್ತು. ಅಲ್ಲಿ ಸತ್ತ ದನಗಳನ್ನು ಹುಗಿಯಲು ಜನ ಸಾಲದೆ ಹೋಗಿತ್ತು. ಈ ಗಾಡಿಯೂ ಆಗದಿದ್ದರೆ ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ.

ಪಟೇಲರ ಮನೆ ಗುಡ್ಡದ ನೆತ್ತಿಯ ಮೇಲೆ, ಊರು ಅಡಿಯಲ್ಲಿ. ನಡುವೆ ಅರ್ಧ ಮೈಲಿಯ ಇಳುಕಲು. ಯುದ್ಧ ಮುಗಿದ ಮೇಲೆ ಪುಣೆಯಿಂದ ಪೆಟ್ಟಿಗೆ ಒಡೆಯದೆ ತರಿಸಿದ ಮಿಲಿಟರಿ ಗಾಡಿ ಅದು. ವಾರಕ್ಕೆ ಎರಡು ಸಲ ಪಟೇಲರು ಕೋಟು, ಕಪ್ಪು ಕನ್ನಡಕ ಹಾಕಿಕೊಂಡು ಅದರ ಮೇಲೆ ಚಾವಡಿಗೆ ಇಳಿಯುತ್ತಾರೆ, ಅದು ಸದ್ದೇ ಮಾಡುವುದಿಲ್ಲ, ಅಂಥ ವಿಲಾಯತಿ ಮಾಲು ಎಂದು ಸುತ್ತಲ ಊರುಗಳಲ್ಲಿ ಹೆಸರಿತ್ತು. ವಯಸ್ಸಾಯಿತು, ಕಣ್ಣು ಮಂಜು, ಅದಕ್ಕೇ ಕೊಡುತ್ತೇನೆ ಎಂದರು ಪಟೇಲರು. ನಮ್ಮಿಬ್ಬರ ಮನೆಮಾತು ಒಂದೇ, ಹವ್ಯಕ ಕನ್ನಡ. ನನ್ನನ್ನು ತಮಾ ಎಂದು ಕರೆದು, ಬೆಲ್ಲ ನೀರು ಕೊಡಿಸಿದರು.

ಮಿಸ್ತ್ರಿ ಎಂಜಿನ್ನಿನ ಮುಂದೆ ಕೂತವರು ಬಹಳ ಹೊತ್ತು ಏಳಲಿಲ್ಲ. ಬೋಲ್ಟುಗಳ ತಲೆಯ ಮೇಲೆ ಕಾರ್ಖಾನೆಯ ಬಣ್ಣ ಹಾಗೇ ಇತ್ತು, ಬಿಚ್ಚುವ ಪಾನಾ ತಾಗಿದ ಒಂದು ಗುರುತೂ ಇಲ್ಲ. ಪ್ಲಗ್ಗು ಬಿಚ್ಚಿದರೆ ಹಾಲಿನ ಹಲ್ಲಿನ ಹಾಗೆ ಬಿಳಿ. ಸೈಲೆನ್ಸರಿನೊಳಗೆ ಚಿಟಿಕೆ ಮಸಿಯಿಲ್ಲ, ಬದಲಿಗೆ ಕಣಜ ಕಟ್ಟಿದ ಮಣ್ಣಿನ ಗೂಡು. ನಾನು ಆಗಲೇ ಸಹಿಯ ಕಾಗದವನ್ನು ಜೇಬಿನಿಂದ ತೆಗೆದಿದ್ದೆ. ಮಿಸ್ತ್ರಿಯ ಮುಖ ಮಾತ್ರ ಗಂಟಿಕ್ಕುತ್ತ ಹೋಯಿತು. ಟೈರು ನೋಡಿದರು, ಬೋಳು. ಬ್ರೇಕು ಬಿಚ್ಚಿದರು, ಸವೆದು ಕಾಗದವಾಗಿತ್ತು.

"ಡಾಕ್ಟ್ರೇ, ಕಾಲು ಮುದುಕನದು, ಎದೆ ಮಗುವಿನದು. ಇದರ ಎಂಜಿನ್ ಎಲ್ಲಿಯೋ ಬದಲಾಗಿದೆ. ನಾನು ಸಹಿ ಹಾಕುವುದಿಲ್ಲ."

ನಂಬರು ಸರಿ ಇದೆಯಲ್ಲ ಎಂದೆ. ನಂಬರು ಸರಿ ಇದ್ದೂ ಹೀಗಿದ್ದರೆ ಇನ್ನೂ ದೊಡ್ಡ ಮೋಸ ಎಂದರು. ಹತ್ತು ವರ್ಷ ಓಡಿದ ಗಾಡಿಯ ಎಂಜಿನ್ ಹೀಗಿರುವುದು ಸಾಧ್ಯವೇ ಇಲ್ಲ. ಪಟೇಲರನ್ನು ಕೇಳಿದೆ. ಅವರು ಜಗುಲಿಯ ಕಂಬ ನೋಡುತ್ತ, "ಆನು ಎಂತದೂ ಮುಟ್ಟಿದ್ನಿಲ್ಲೆ," ಎಂದಷ್ಟೇ ಹೇಳಿದರು. ಇನ್ನೊಮ್ಮೆ ಕೇಳಿದೆ. ಅದೇ ಮಾತು, ನಾನು ಏನೂ ಮುಟ್ಟಿಲ್ಲ.

ನನಗೆ ಕೋಪ ಬರಲಿಲ್ಲ, ಆಯಾಸವಾಯಿತು. ಫ್ಲಾಸ್ಕಿನ ನೀರು ನೆಲಕ್ಕೆ ಚೆಲ್ಲಿದ್ದನ್ನು ಅವರಿಗೆ ಹೇಳಿದೆ. ಎರಡು ಹಳ್ಳಿಯ ಆಚೆ ಏನಾಗುತ್ತಿದೆ ಎಂದು ಹೇಳಿದೆ. ಈ ಕಾಗದಕ್ಕೆ ಸಹಿ ಆಗದೆ ಗಾಡಿ ಇಲ್ಲ, ಗಾಡಿ ಇಲ್ಲದೆ ಮದ್ದು ಇಲ್ಲಿಯ ತನಕ ಬರುವುದಿಲ್ಲ ಎಂದೆ. ಪಟೇಲರು ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಎರಡು ಬಿಳಿ ಎತ್ತುಗಳು ಮೆಲುಕು ಹಾಕುತ್ತಿದ್ದವು. ಆಮೇಲೆ ಒಳಗಿನವರಿಗೆ ಕೇಳದ ಹಾಗೆ ನಡೆದದ್ದನ್ನು ಹೇಳಿದರು.

ಗಾಡಿ ಬಂದ ದಿನ ಪಟೇಲರು ಕಿಕ್ ತುಳಿದರಂತೆ. ಅದು ತಿರುಗಿ ಒದ್ದು ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಮೂರು ತಿಂಗಳು ಮಲಗಿ ಎದ್ದ ಮೇಲೆ ಅದನ್ನು ಇನ್ನೊಂದು ಸಲ ತುಳಿಯುವ ಧೈರ್ಯವಾಗಲಿಲ್ಲ. ಆದರೆ ಊರಿಗೆಲ್ಲ ಗಾಡಿ ತರಿಸಿದ ಸುದ್ದಿ ಹೋಗಿತ್ತು. ಅದಕ್ಕೇ ಮೇಲಿನಿಂದ ಹತ್ತಿ ಕೂತು, ಎಂಜಿನ್ ಹಚ್ಚದೆ, ಇಳುಕಲಿನಲ್ಲಿ ಬ್ರೇಕು ಹಿಡಿಯುತ್ತ ಚಾವಡಿಯ ತನಕ ಬರುವುದು. ಗಾಡಿಗೆ ದಣಿವಾರಲಿ ಎಂದು ಅಲ್ಲಿಯೇ ಬಿಟ್ಟು ಮನೆಗೆ ನಡೆದು ಹೋಗುವುದು. ಮರುದಿನ ಮುಂಜಾನೆ ಅದರ ಮೇಲೆ ಗೋಣಿ ಹೊದಿಸಿ, ಆ ಎರಡು ಎತ್ತುಗಳಿಂದ ಮೇಲಕ್ಕೆ ಎಳೆಸುವುದು. ಹತ್ತು ವರ್ಷ ಹೀಗೇ ನಡೆದಿತ್ತು. ಎಂಜಿನ್ ಒಂದು ದಿನವೂ ಓಡಿರಲಿಲ್ಲ.

ಮಿಸ್ತ್ರಿ ಎದ್ದು ನಿಂತು ಪಟೇಲರಿಗೆ ಕೈ ಮುಗಿದರು. ಆ ನಮಸ್ಕಾರ ಪಟೇಲರಿಗೋ ಎಂಜಿನ್ನಿಗೋ ನನಗೆ ಇವತ್ತಿಗೂ ತಿಳಿಯದು. ಆದರೆ ಇದನ್ನು ಬರೆದು ಕೊಡಬೇಕು, ಇಬ್ಬರು ಪಂಚರ ಸಹಿಯೂ ಬೇಕು, ಇಲ್ಲದಿದ್ದರೆ ಮೇಲಿನವರು ತಮ್ಮ ಹಾಗೆಯೇ ಅನುಮಾನ ಪಡುತ್ತಾರೆ ಎಂದರು. ಪಟೇಲರ ಮುಖ ಬಿಳಿಚಿಕೊಂಡಿತು. ಪಂಚರೆಂದರೆ ಊರಿನವರೇ. ಹತ್ತು ವರ್ಷ ಕಾಯ್ದುಕೊಂಡ ಮರ್ಯಾದೆ. ಆದರೂ ಕನ್ನಡಕ ತರಿಸಿ, ತಾವೇ ಬರೆದರು: ಈ ವಾಹನದ ಮೇಲೆ ನಾನು ಹತ್ತು ವರ್ಷ ಸಂಚರಿಸಿದ್ದೇನೆ. ಅದರ ಎಂಜಿನ್ನಿಗೂ ನನ್ನ ಸಂಚಾರಕ್ಕೂ ಸಂಬಂಧವಿಲ್ಲ.

ಚಾವಡಿಯ ಪಕ್ಕದ ಅಂಗಡಿಯವನನ್ನೂ ಊರಿನ ಒಬ್ಬ ಗೌಡರನ್ನೂ ಕರೆಸಿದರು. ಇಬ್ಬರೂ ಓದಿದರು. ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಅಂಗಡಿಯವನು ಸಹಿ ಹಾಕಿ ಪೆನ್ನು ಮುಚ್ಚಿ, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ವಾರಕ್ಕೆ ಎರಡು ಸಲ ಎತ್ತು ಎಳೆಯುವುದು ಕಾಣುತ್ತಿತ್ತಲ್ಲ ಪಟೇಲ್ರೇ, ನೀವಾಗಿ ಹೇಳದೆ ನಾವು ಹೇಗೆ ಕೇಳುವುದು ಎಂದ. ಇಡೀ ಊರಿಗೆ ಗೊತ್ತಿತ್ತು. ಸದ್ದಿಲ್ಲದ ವಿಲಾಯತಿ ಎಂಜಿನ್ನಿನ ಸುದ್ದಿಯನ್ನು ಹಬ್ಬಿಸಿದವರೂ ಅವರೇ. ಆ ಊರಿನ ಬಗ್ಗೆ ನನಗಿರುವ ಗೌರವ ಅಂದು ಹುಟ್ಟಿದ್ದು.

ಮಿಸ್ತ್ರಿ ಸಹಿ ಹಾಕಿದರು. ಎಂಜಿನ್ನಿಗೆ ಎರಡು ದಿನ ಎಣ್ಣೆ ಕುಡಿಸಿ, ಕಣಜದ ಗೂಡು ತೆಗೆದು, ಟೈರು ಬ್ರೇಕು ಹೊಸದು ಹಾಕಿ, ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕಿಕ್ ತುಳಿದು ಹಚ್ಚಿ ಕೊಟ್ಟರು. ಈ ಸಲ ನಾನು ಏನು ಕೊಡಲಿ ಎಂದು ಕೇಳಲಿಲ್ಲ. ಅವರ ಮನೆಗೆ ಹೋಗಿ ಎಮ್ಮೆಯ ನಾಲ್ಕೂ ಕಾಲು ನೋಡಿ ಬಂದೆ.

ಮಂಜೂರಿ ಬಂದ ಮರುದಿನ ಹುಬ್ಬಳ್ಳಿ ಬಸ್ಸಿನಿಂದ ಫ್ಲಾಸ್ಕು ತುಂಬಿಸಿಕೊಂಡು ಹೊರಟೆ. ಇಳುಕಲಿನ ಅಡಿಯಲ್ಲಿ ಊರಿನ ದನಗಳನ್ನೆಲ್ಲ ತಂದು ಸೇರಿಸಿದ್ದರು. ಫ್ಲಾಸ್ಕು ತೆರೆದು ನೋಡಿದೆ. ಮಂಜು ಇನ್ನೂ ಗಟ್ಟಿ ಇತ್ತು. ಮಿಸ್ತ್ರಿ, ಪಟೇಲರು, ಪಂಚರು, ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನೆನೆದೆ. ಮೊದಲು ಗುಡ್ಡದ ಮೇಲಿನ ಕೊಟ್ಟಿಗೆಯ ಕರುಗಳನ್ನು ಮುಗಿಸಿ ಬರೋಣವೆಂದು ಮತ್ತೆ ಗಾಡಿ ಹಚ್ಚಿ ಏರಿನ ಕಡೆ ತಿರುಗಿಸಿದೆ. ಅಷ್ಟರಲ್ಲಿ ಪಟೇಲರ ಎರಡು ಎತ್ತುಗಳು ಹಗ್ಗ ಬಿಡಿಸಿಕೊಂಡು ಗುಂಪಿನಿಂದ ಹೊರಗೆ ಬಂದು, ಗಾಡಿಯ ಮುಂದೆ ನನಗೆ ಬೆನ್ನು ಹಾಕಿ, ಜೋಡಿಯಾಗಿ ಕತ್ತು ಬಗ್ಗಿಸಿ ನಿಂತವು. ಹಾರ್ನು ಒತ್ತಿದೆ. ಎಂಜಿನ್ ಜೋರು ಮಾಡಿದೆ. ಜನ ಬಾಲ ತಿರುವಿದರು. ಅವು ಅಲುಗಲಿಲ್ಲ. ಕೊನೆಗೆ ಇಳಿದು, ಮೊದಲ ಎರಡು ಸೂಜಿ ಅವಕ್ಕೇ ಹಾಕಿದೆ. ಆಗಲೂ ಅಲುಗಲಿಲ್ಲ.

ಪಟೇಲರು ಇಳುಕಲನ್ನು ನಡೆದೇ ಇಳಿದು ಬಂದು, ಎಲ್ಲರ ಎದುರಿಗೆ ಎತ್ತುಗಳ ಬೆನ್ನು ಸವರುತ್ತ ನನಗೆ ಹೇಳಿದರು:

"ಸ್ವಲ್ಪ ತಡಿ ತಮಾ. ಎಂಜಿನ್ ಬದ್ಲಾದ್ದು ಆನು ಇವಕ್ಕೆ ಇನ್ನೂ ಹೇಳಿದ್ನಿಲ್ಲೆ."